ಅಜ್ಜ ಕಾಂಗೋದಿಂದ ತಂದ ಮೂರು ಅಲಗಿನ ಕತ್ತಿ ಅಸಲಿಯಾ?

ಪ್ರಶ್ನೆ: ನಮ್ಮಜ್ಜ ಸೇನೆಯಲ್ಲಿದ್ದರು. 1961ರಲ್ಲಿ ವಿಶ್ವಸಂಸ್ಥೆಯ ಪಡೆಯ ಜೊತೆ ಕಾಂಗೋಗೆ ಹೋಗಿದ್ದರು, ಹೆಚ್ಚಿನ ದಿನ ಎಲಿಜಬೆತ್‌ವಿಲ್‌ನಲ್ಲಿದ್ದರಂತೆ. ಬರುವಾಗ ಒಂದು ಕಬ್ಬಿಣದ ಕತ್ತಿ ತಂದಿದ್ದರು. ಒಂದೇ ಕಾಂಡಕ್ಕೆ ಮೂರು ದಿಕ್ಕಿಗೆ ಮೂರು ಅಲಗು, ಹಿಡಿಗೆ ನಾರಿನ ಹೆಣಿಗೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ, ಒಡಿಕತ್ತಿ ಜೊತೆ ಇದನ್ನೂ ಪೂಜೆಗೆ ಇಡುತ್ತೇವೆ. ಇದು ನಿಜವಾಗಿ ಎಸೆಯುವ ಕತ್ತಿಯಾ? ಅಸಲಿಯಾ, ಪೇಟೆ ಮಾಲಾ? ಅಲ್ಲಲ್ಲಿ ತುಕ್ಕು ಬಂದಿದೆ, ಉಜ್ಜಿಸಬಹುದಾ? ಇಂಥವೇ ಇನ್ನೂ ನಾಲ್ಕಾರು ಕೊಂಡು ಗೋಡೆಗೆ ಹಾಕುವ ಆಸೆಯಿದೆ. ಎಲ್ಲಿಂದ ಶುರು ಮಾಡಲಿ? (ಕೊಡಗಿನ ಓದುಗರು. ಆರು ಫೋಟೊ ಕಳಿಸಿದ್ದಾರೆ.)

ಉತ್ತರ: ಮೊದಲು ಉಜ್ಜಿಸುವ ಯೋಚನೆ ಬಿಡಿ. ಮಿಕ್ಕಿದ್ದನ್ನು ಆಮೇಲೆ ಮಾತಾಡೋಣ.

ನಿಮ್ಮಲ್ಲಿರುವುದು ಅಜಾಂಡೆ ಜನರ ಮಾದರಿಯ ಕತ್ತಿ. ಅವರು ಇದನ್ನು ಕ್ಪಿಂಗಾ ಅನ್ನುತ್ತಾರೆ. ಇವತ್ತಿನ ಕಾಂಗೋದ ಈಶಾನ್ಯ ಮೂಲೆ, ದಕ್ಷಿಣ ಸೂಡಾನ್, ಮಧ್ಯ ಆಫ್ರಿಕಾ ಗಣರಾಜ್ಯ, ಈ ಮೂರೂ ದೇಶಗಳಲ್ಲಿ ಅಜಾಂಡೆಗಳು ಹರಡಿದ್ದಾರೆ. ಉವೆಲೆ ನದಿಯ ಸುತ್ತಿನ ಆ ಸೀಮೆ ಕಬ್ಬಿಣದ ಕೆಲಸಕ್ಕೆ ಹೆಸರುವಾಸಿ. ಜರ್ಮನಿಯ ಗೇಯೋರ್ಗ್ ಶ್ವೈನ್‌ಫುರ್ತ್ 1870ರ ಸುಮಾರಿಗೆ ಅಲ್ಲಿ ಓಡಾಡಿದಾಗ ಆ ಕಮ್ಮಾರರ ಕೈಚಳಕ ನೋಡಿ ಬೆರಗಾಗಿದ್ದ. ಅವನು ಬಿಡಿಸಿಕೊಂಡು ಬಂದ ಚಿತ್ರಗಳಲ್ಲಿ ನಿಮ್ಮ ಕತ್ತಿಯ ಅಣ್ಣತಮ್ಮಂದಿರು ಸಿಗುತ್ತಾರೆ.

ಎಸೆಯುತ್ತಿದ್ದರಾ ಅಂತ ಕೇಳಿದ್ದೀರಿ. ಹೌದು, ಎಸೆಯುತ್ತಿದ್ದರು. ಸಿನಿಮಾದಲ್ಲಿ ಚಾಕು ಎಸೆಯುವ ಹಾಗೆ ತಲೆಯ ಮೇಲಿಂದ ಅಲ್ಲ, ಪಕ್ಕದಿಂದ ಬೀಸಿ. ಬೀಸಿದ ಕತ್ತಿ ನೆಲಕ್ಕೆ ಅಡ್ಡಡ್ಡವಾಗಿ ಗಿರಗಿರ ತಿರುಗುತ್ತಾ ಹೋಗುತ್ತದೆ. ಮೂರು ದಿಕ್ಕಿಗೆ ಅಲಗು ಇಟ್ಟಿರುವ ಗುಟ್ಟೇ ಅದು. ಒಂದೇ ಮೊನೆಯ ಚಾಕು ಗುರಿ ಮುಟ್ಟುವ ಹೊತ್ತಿಗೆ ಮೊನೆ ಮುಂದಿರಬೇಕು, ಇಲ್ಲದಿದ್ದರೆ ಹಿಡಿ ಬಡಿದು ಬಿದ್ದುಹೋಗುತ್ತದೆ. ಇದಕ್ಕೆ ಆ ತಾಪತ್ರಯ ಕಡಿಮೆ, ಯಾವ ಅಲಗು ಮುಂದೆ ಬಂದರೂ ಕಚ್ಚುತ್ತದೆ. ಅಜಾಂಡೆ ಯೋಧರು ಬೆತ್ತದ ಥರ ಹೆಣೆದ ಉದ್ದ ಗುರಾಣಿಯ ಒಳಮೈಗೆ ಇಂಥ ಕತ್ತಿಗಳನ್ನು ಸಿಕ್ಕಿಸಿಕೊಂಡು ಹೋಗುತ್ತಿದ್ದರು.

ಆದರೆ ಆಫ್ರಿಕಾದ 'ಎಸೆಯುವ ಕತ್ತಿ' ಅಂತ ಮಾರಾಟವಾಗುವುದರಲ್ಲಿ ಎಸೆಯದೇ ಇದ್ದದ್ದೇ ಜಾಸ್ತಿ. ಆ ಭಾಗದಲ್ಲಿ ಕಬ್ಬಿಣ ಅಂದರೆ ದುಡ್ಡು. ಮಣ್ಣಿನ ಕುಲುಮೆಯಲ್ಲಿ ಅದಿರು ಕರಗಿಸಿ, ಇದ್ದಿಲಿಗೆ ಕಾಡು ಕಡಿದು, ದಿನಗಟ್ಟಲೆ ತಿದಿ ಒತ್ತಿ ತೆಗೆದ ಕಬ್ಬಿಣ. ಅದಕ್ಕೆ ಕತ್ತಿ, ಭರ್ಜಿ, ಗುದ್ದಲಿಗಳ ಆಕಾರವೇ ನಾಣ್ಯದ ಆಕಾರವಾಯಿತು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಭರ್ಜಿಗಳ ಕಟ್ಟು ಕೊಡುತ್ತಿದ್ದರು. ಕಾಂಗೋ ನದಿ ತಿರುಗುವ ಕಡೆ ಇರುವ ಟೊಪೊಕೆ ಜನ ಲಿಗಾಂಡಾ ಅನ್ನುವ ಆಳೆತ್ತರದ ಭರ್ಜಿ ಅಲಗು ಮಾಡಿದರು. ಅದನ್ನು ಹಿಡಿದು ಯುದ್ಧಕ್ಕೆ ಹೋಗುವ ಮಾತೇ ಇಲ್ಲ. ಪಕ್ಕಾ ಹಣ. ಹಾಗಾಗಿ ಒಂದು ತುಂಡು ಕೈಗೆ ಬಂದಾಗ ಇದು ಎಷ್ಟು ಜನರನ್ನು ಕೊಂದಿರಬಹುದು ಅಂತ ಕೇಳುವ ಬದಲು, ಇದು ಯಾರ ಕೈಯಿಂದ ಯಾರ ಕೈಗೆ, ಯಾಕೆ ಹೋಯಿತು ಅಂತ ಕೇಳಿ. ಸಂಗ್ರಹದ ರುಚಿ ಇರುವುದು ಅಲ್ಲೇ.

ಈಗ ಅಸಲಿ ನಕಲಿ ವಿಚಾರ. ಎಲ್ಲರೂ ಮುಂದಿನಿಂದ ನೋಡುತ್ತಾರೆ. ಆಕಾರ ವಿಚಿತ್ರವಾಗಿದೆ, ಕಣ್ಣು ಸೆಳೆಯುತ್ತದೆ, ದುಡ್ಡು ಕೊಟ್ಟುಬಿಡುತ್ತಾರೆ. ಆದರೆ ಆಕಾರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಲಾರಿಯ ತಗಡಿನ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಕತ್ತರಿಸಿ, ಗ್ರೈಂಡರ್ ಹಿಡಿದರೆ ಮಧ್ಯಾಹ್ನದೊಳಗೆ ಒಂದು ಕ್ಪಿಂಗಾ ರೆಡಿ. ಕತ್ತಿಯನ್ನು ಮುಖದ ಮೇಲಲ್ಲ, ಅಂಚಿನ ಕಡೆಯಿಂದ ನೋಡಬೇಕು. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಕಿಟಕಿಯ ಬೆಳಕಿಗೆ ಅಡ್ಡಲಾಗಿ ತಿರುಗಿಸಿ ನೋಡಿ.

ನಿಮ್ಮ ನಾಲ್ಕನೇ ಫೋಟೊದಲ್ಲಿ ಅದೃಷ್ಟಕ್ಕೆ ಅಂಚು ಕಾಣುತ್ತಿದೆ. ಹಿಡಿಯ ಹತ್ತಿರ ಕಬ್ಬಿಣ ದಪ್ಪ. ಮೇಲೆ ಹೋಗ್ತಾ ಹೋಗ್ತಾ ತೆಳ್ಳಗಾಗಿದೆ, ಅಲಗಿನ ತುದಿಗಳಲ್ಲಿ ಇನ್ನೂ ತೆಳು. ನಡುವಿನ ಅಲಗು ಕಾಂಡದಿಂದ ಕವಲೊಡೆಯುವ ಜಾಗ ನೋಡಿ. ಅಲ್ಲಿ ಕಬ್ಬಿಣ ಒಂದು ಚೂರು ಉಬ್ಬಿ, ನಯವಾಗಿ ಎರಡೂ ಕಡೆಗೆ ಹರಿದಿದೆ. ಅಂದರೆ ಕಮ್ಮಾರ ಕಾಯಿಸಿದ ಪಟ್ಟಿಯನ್ನು ಉಳಿಯಿಂದ ಸೀಳಿ, ಸೀಳನ್ನು ಬಗ್ಗಿಸಿ, ಬಡಿದು ಹರಡಿದ್ದಾನೆ. ವೆಲ್ಡಿಂಗ್ ಮಾಡಿದ್ದರೆ ಅಲ್ಲಿ ಮಣಿ ಪೋಣಿಸಿದ ಹಾಗೆ ಗಂಟುಗಂಟು ಇರುತ್ತಿತ್ತು, ಅಥವಾ ಅದನ್ನು ಮುಚ್ಚಲು ಗ್ರೈಂಡರ್ ಓಡಿಸಿದ ಅಡ್ಡಗೆರೆಗಳು ಇರುತ್ತಿದ್ದವು. ಮೇಲಿನ ಅಲಗಿನ ಮೈ ಸಪಾಟಾಗಿಲ್ಲ, ಬೆಳಕು ಬಿದ್ದಲ್ಲಿ ಸಣ್ಣ ಸಣ್ಣ ತಗ್ಗು ಕಾಣುತ್ತದೆ. ಅದು ಸುತ್ತಿಗೆಯ ಪೆಟ್ಟಿನ ಗುರುತು.

ಇನ್ನೊಂದು ಪರೀಕ್ಷೆ ನೀವೇ ಮಾಡಿ. ಅಲಗಿನ ಎರಡೂ ಮುಖಗಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನಿಧಾನಕ್ಕೆ ಅಡ್ಡ ಸವರಿ. ಮಧ್ಯ ಆಫ್ರಿಕಾದ ಎಷ್ಟೋ ಅಲಗುಗಳಲ್ಲಿ ಈಚೆ ಮುಖದ ಎಡಭಾಗ ತಗ್ಗಾಗಿದ್ದರೆ ಆಚೆ ಮುಖದಲ್ಲಿ ಅಲಗಿನ ಇನ್ನೊಂದು ಅರ್ಧ ತಗ್ಗಾಗಿರುತ್ತದೆ. ನಡುವೆ ಒಂದು ಮೆಟ್ಟಿಲು. ಕಡಿಮೆ ಕಬ್ಬಿಣದಲ್ಲಿ ಅಲಗು ಬಾಗದಂತೆ ಗಟ್ಟಿ ಮಾಡುವ ಜಾಣತನ ಇದು. ಫೋಟೊದಲ್ಲಿ ಇದು ಕಾಣುವುದೇ ಇಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಫೋಟೊ ನೋಡಿ ನಕಲು ಮಾಡುವವರು ಇದನ್ನು ಬಿಟ್ಟುಬಿಡುತ್ತಾರೆ.

ಸಪಾಟಾಗಿದ್ದರೆ ನಕಲಿ ಅಂತ ಕಣ್ಣುಮುಚ್ಚಿ ಹೇಳಬೇಡಿ ಮತ್ತೆ. ಸೂಡಾನಿನ ಮಹದಿ ರಾಜ್ಯದ ಕಾಲದಲ್ಲಿ (1885–1898) ಉಕ್ಕಿನ ತಗಡನ್ನೇ ಕತ್ತರಿಸಿ ಎಸೆಯುವ ಕತ್ತಿಯ ಆಕಾರದ ವಸ್ತುಗಳನ್ನು ಮಾಡಿದರು. ಮೈತುಂಬಾ ಆ್ಯಸಿಡ್‌ನಿಂದ ಕೊರೆದ ಅರಬ್ಬಿ ಅಕ್ಷರ, ಕೆಲವಕ್ಕೆ ಹಾವಿನ ಹೆಡೆಯಂಥ ತುದಿ. ಅವು ಹೋರಾಟಕ್ಕಲ್ಲ, ಮೆರವಣಿಗೆಗೆ, ಅಧಿಕಾರದ ಗುರುತಿಗೆ. 1898ರ ಸೆಪ್ಟೆಂಬರ್ 2ರಂದು ಓಮ್‌ದುರ್ಮಾನ್ ಯುದ್ಧದಲ್ಲಿ ಗೆದ್ದ ಬ್ರಿಟಿಷ್ ಪಡೆಯವರು ಅಲ್ಲಿಂದ ಮೂಟೆಗಟ್ಟಲೆ ಆಯುಧ ಹೊತ್ತುಕೊಂಡು ಹೋದರು. ತಗಡಿನವೇ, ಆದರೂ ಅಸಲಿ.

ಹಾಗಾದರೆ ನಿಮ್ಮದು? ಕುಲುಮೆಯಲ್ಲಿ ಕೈಯಿಂದ ಬಡಿದು ಮಾಡಿದ್ದು, ಅದರಲ್ಲಿ ಅನುಮಾನ ಬೇಡ. ಹಿಡಿಯ ಹೆಣಿಗೆಯೂ ಆಮೇಲೆ ಸುತ್ತಿದ್ದಲ್ಲ. ಆದರೆ ಹಿಡಿ ಸವೆದಿಲ್ಲ. ಬಳಸಿದ ಕತ್ತಿಯ ನಾರು ಬೆವರು, ಎಣ್ಣೆ ಹಿಡಿದು ಕಪ್ಪಾಗಿ, ಮಿರುಗುಟ್ಟಿ, ಹೆಬ್ಬೆರಳು ಕೂರುವ ಕಡೆ ಚಪ್ಪಟೆಯಾಗಿರುತ್ತದೆ. ನಿಮ್ಮದರ ಹೆಣಿಗೆ ಇನ್ನೂ ಏರಿಳಿತ ಬಿಟ್ಟಿಲ್ಲ. ಅಲಗುಗಳ ಬಾಯಿಯನ್ನೂ ಯಾರೂ ಮಸೆದಂತಿಲ್ಲ. ಇದು ಯೋಧನ ಗುರಾಣಿಯ ಹಿಂದೆ ಇದ್ದದ್ದಲ್ಲ. ಬೆಲ್ಜಿಯನ್ನರ ಆಡಳಿತದ ಕೊನೆಗಾಲದಲ್ಲಿ ಮಾರಲಿಕ್ಕೋ ಉಡುಗೊರೆ ಕೊಡಲಿಕ್ಕೋ ಮಾಡಿಸಿದ್ದು ಅನ್ನುವುದು ನನ್ನ ಲೆಕ್ಕ.

ಬೇಜಾರು ಮಾಡ್ಕೋಬೇಡಿ. ಇದಕ್ಕೆ ಇನ್ನೊಂದು ಕಾರಣವೂ ಇದೆ, ನಿಮ್ಮ ಪ್ರಶ್ನೆಯಲ್ಲೇ. ಅಜ್ಜ ಇದ್ದದ್ದು ಎಲಿಜಬೆತ್‌ವಿಲ್‌ನಲ್ಲಿ, ಅಂದರೆ ಇವತ್ತಿನ ಲುಬುಂಬಾಶಿ, ಕಟಾಂಗಾದ ತಾಮ್ರದ ಗಣಿ ನಗರ, ದೇಶದ ದಕ್ಷಿಣ ತುದಿ. ಅಜಾಂಡೆಗಳ ಉವೆಲೆ ಸೀಮೆ ಅಲ್ಲಿಂದ ಒಂದೂವರೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ದೂರ, ಉತ್ತರಕ್ಕೆ. ಭಾರತದ ಬ್ರಿಗೇಡ್ 1961ರಲ್ಲಿ ಕಾಂಗೋಗೆ ಹೋಗಿ 1963ರವರೆಗೆ ಇತ್ತು. ಅದೇ ನಗರದಲ್ಲಿ 1961ರ ಡಿಸೆಂಬರ್ 5ರಂದು ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಬೆರಳೆಣಿಕೆಯ ಗೂರ್ಖಾ ಸೈನಿಕರ ಜೊತೆ ಖುಕ್ರಿ ಹಿರಿದು ನುಗ್ಗಿ ಪ್ರಾಣ ಕೊಟ್ಟರು, ಪರಮವೀರ ಚಕ್ರ ಪಡೆದರು. ಅಂಥ ದಿನಗಳಲ್ಲಿ ನಿಮ್ಮಜ್ಜ ಉತ್ತರದ ಹಳ್ಳಿಗೆ ಹೋಗಿ ಕತ್ತಿ ಪಡೆದಿರುವುದು ಕಷ್ಟ. ವ್ಯಾಪಾರಿಯಿಂದ ಕೊಂಡಿರಬೇಕು, ಇಲ್ಲವೇ ಗಂಟುಮೂಟೆ ಕಟ್ಟುತ್ತಿದ್ದ ಯಾವುದೋ ಬೆಲ್ಜಿಯನ್ ಮನೆಯಿಂದ ಸಿಕ್ಕಿರಬೇಕು. ಉವೆಲೆ ಕಡೆಯ ಕುಶಲಕರ್ಮಿಗಳಿಗೆ ಹೊರಗಿನವರಿಗೆ ಮಾರುವುದು ಹೊಸದೇನಲ್ಲ. ಅಮೆರಿಕದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ತಂಡ 1909ರಿಂದ 1915ರವರೆಗೆ ಅಲ್ಲೇ ಬೀಡುಬಿಟ್ಟು ಸಾವಿರಾರು ವಸ್ತು ಕೊಂಡಿತ್ತು. ಬೇಡಿಕೆ ನೋಡಿ ಕಮ್ಮಾರರೂ ಮಾಡಿಕೊಟ್ಟರು. ಮಾರಲಿಕ್ಕೆ ಮಾಡಿದ್ದು ಅಂದ ಮಾತ್ರಕ್ಕೆ ಕೆಲಸ ಕಳಪೆ ಅಂತಲ್ಲ, ಅಲ್ವಾ? ಅದೇ ಕುಲುಮೆ, ಅದೇ ಕೈ.

ಅಜ್ಜನ ಸೇವಾ ದಾಖಲೆ, ಆ ಕಾಲದ ಪತ್ರ, ಫೋಟೊ ಏನಿದ್ದರೂ ಒಂದು ಫೈಲಿಗೆ ಹಾಕಿ. ಅಜ್ಜಿಗೋ ಅಪ್ಪನಿಗೋ ನೆನಪಿರುವುದನ್ನು ಇವತ್ತೇ ಬರೆದಿಡಿ. ಈ ಲೋಕದಲ್ಲಿ ವಸ್ತುವಿನ ಅರ್ಧ ಬೆಲೆ ಅದು ಬಂದ ದಾರಿಯ ಕಾಗದದಲ್ಲಿದೆ. ಯುರೋಪಿನ ಹಳೆ ಸಂಗ್ರಹಗಳ ಕತ್ತಿಗಳ ಮೇಲೆ ಬಿಳಿ ಶಾಯಿಯಲ್ಲಿ ಬರೆದ ಸಣ್ಣ ನಂಬರ್ ಇರುತ್ತದೆ. ಎಷ್ಟೋ ಜನ ಗಲೀಜು ಅಂತ ಅದನ್ನೇ ಒರೆಸಿಬಿಡುತ್ತಾರೆ. ಆ ನಂಬರ್ ಹೋದರೆ ಊರು, ವರ್ಷ, ತಂದವರ ಹೆಸರು ಎಲ್ಲ ಹೋಯಿತು.

ಆ ದಾರಿ ಎಲ್ಲಾ ಕಾಲಕ್ಕೂ ಚೊಕ್ಕವಾಗಿರಲಿಲ್ಲ. 1885ರಿಂದ 1908ರವರೆಗೆ ಕಾಂಗೋ ಬೆಲ್ಜಿಯಂ ರಾಜ ಎರಡನೇ ಲಿಯೋಪೋಲ್ಡನ ಸ್ವಂತ ಆಸ್ತಿಯಂತಿತ್ತು. ರಬ್ಬರ್, ದಂತಕ್ಕಾಗಿ ಊರುಗಳನ್ನು ಸುಟ್ಟರು, ಜನರ ಕೈ ಕತ್ತರಿಸಿದರು. ಆಗ ಊರಿಂದ ಹೊರಟ ಆಯುಧಗಳಲ್ಲಿ ಕೊಂಡದ್ದೆಷ್ಟು, ಕಿತ್ತುಕೊಂಡದ್ದೆಷ್ಟು ಅಂತ ಯುರೋಪಿನ ಮ್ಯೂಸಿಯಂಗಳೇ ಈಗ ತಲೆ ಕೆಡಿಸಿಕೊಂಡಿವೆ. '1890ರ ದಂಡಯಾತ್ರೆಯಲ್ಲಿ ಸಿಕ್ಕಿದ್ದು' ಅಂತ ಹೆಮ್ಮೆಯಿಂದ ಹೇಳಿ ಮಾರುವವರಿದ್ದಾರೆ. ನಾನಾದರೆ ಅಂಥದ್ದನ್ನು ಮನೆಗೆ ತರುವುದಿಲ್ಲ.

ಮಾರುವವರ ಕತೆಗಳ ಬಗ್ಗೆಯೂ ಎಚ್ಚರ ಇರಲಿ. ಗಬಾನಿನ ಕೋಟಾ, ಫಾಂಗ್ ಜನರದ್ದು ಮುಸೆಲೆ ಅಂತ ಒಂದು ಸೊಗಸಾದ ಕತ್ತಿಯಿದೆ. ಹಕ್ಕಿಯ ತಲೆ, ದೊಡ್ಡ ಕೊಕ್ಕು, ಕಣ್ಣಿನ ಜಾಗಕ್ಕೆ ತ್ರಿಕೋನದ ಕಿಂಡಿ. ಇದನ್ನು ಟೂಕನ್ ಕತ್ತಿ ಅಂತ ಮಾರುತ್ತಾರೆ. ಟೂಕನ್ ಇರುವುದು ಅಮೆರಿಕ ಖಂಡದಲ್ಲಿ, ಗಬಾನಿನ ಕಮ್ಮಾರ ಅದನ್ನು ಎಲ್ಲಿ ನೋಡಿಯಾನು? ಅದಕ್ಕೆ ಹೋಲಿಕೆ ಹುಡುಕುವುದಾದರೆ ಅಲ್ಲಿನ ಕಾಡಿನ ಮಂಗಟ್ಟೆ ಹಕ್ಕಿ. ನಮ್ಮ ದಾಂಡೇಲಿಯ ಮಂಗಟ್ಟೆ ನೋಡಿದವರಿಗೆ ತಕ್ಷಣ ಹೊಳೆಯುತ್ತದೆ. ಇನ್ನೊಂದು, ಎನ್‌ಗೊಂಬೆ ಜನರ ಕೊಕ್ಕೆಯಂತೆ ಬಾಗಿದ ಎನ್‌ಗುಲು. ಇದು ಕಂಡಲ್ಲೆಲ್ಲ 'ತಲೆ ಕಡಿಯುವ ಕತ್ತಿ' ಎಂಬ ಚೀಟಿ. ತಲೆ ಕಡಿಯುವ ದೃಶ್ಯವನ್ನು ಹಿಂದಿನ ಬಿಳಿಯ ಪ್ರವಾಸಿಗಳು ಬರೆದದ್ದು, ಚಿತ್ರ ಅಚ್ಚು ಹಾಕಿಸಿದ್ದು ನಿಜ. ಆದರೆ ಇವತ್ತು ಮಾರಾಟಕ್ಕೆ ಬರುವ ಎನ್‌ಗುಲುಗಳಲ್ಲಿ ಮುಖಂಡರು ಅಂತಸ್ತಿಗೆ ಹಿಡಿದದ್ದು, ಕುಣಿತಕ್ಕೆ ಬಳಸಿದ್ದೇ ಹೆಚ್ಚು. ರಕ್ತದ ಕತೆ ಸೇರಿಸಿದರೆ ರೇಟು ಏರುತ್ತದೆ, ಅಷ್ಟೇ.

ಕತ್ತಿಯ ಜೊತೆ ಬರುವ ಕತೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಕುಬಾ ರಾಜ್ಯದ್ದು. ಕಾಂಗೋದ ದಕ್ಷಿಣ ಮಧ್ಯಭಾಗದಲ್ಲಿ 17ನೇ ಶತಮಾನದಲ್ಲಿ ಶ್ಯಾಮ್ ಅಂಬುಲ್ ಅನ್‌ಗೂಂಗ್ ಅಂತ ಒಬ್ಬ ರಾಜ. ಅವನು ಎಸೆಯುವ ಕತ್ತಿಯನ್ನೇ ನಿಷೇಧಿಸಿ, ಅದರ ಬದಲಿಗೆ ಇಕುಲ್ ಎಂಬ ಎಲೆಯಾಕಾರದ ಪುಟ್ಟ ಕತ್ತಿಯನ್ನು ತಂದ ಅಂತ ಕುಬಾ ಜನ ಹೇಳುತ್ತಾ ಬಂದಿದ್ದಾರೆ. 1900ರ ದಶಕದಲ್ಲಿ ಅಲ್ಲಿಗೆ ಹೋದ ಹಂಗೇರಿಯ ಸಂಶೋಧಕ ಎಮಿಲ್ ಟೊರ್ಡೆ ಇದನ್ನು ಬರೆದುಕೊಂಡ. ಆ ರಾಜನ ಮರದ ಮೂರ್ತಿಯನ್ನೂ ಅವನೇ ತಂದದ್ದು, 1909ರಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ರಾಜ ಚಕ್ಕಂಬಕ್ಕಳ ಹಾಕಿ ಕೂತಿದ್ದಾನೆ. ಎಡಗೈಯಲ್ಲಿ ಇಕುಲ್. ಮುಂದೆ ಅವನ ಲಾಂಛನವಾಗಿ ಒಂದು ಮಣೆ, ಅದರಲ್ಲಿ ಸಾಲಾಗಿ ಗುಳಿಗಳು. ನಮ್ಮ ಅಳಿಗುಳಿ ಮಣೆ, ಚೆನ್ನೆಮಣೆಯ ಬಳಗದ್ದೇ ಆಟ ಅದು. ಇಕುಲ್‌ಗಳು ಈಗಲೂ ಮಾರುಕಟ್ಟೆಗೆ ಬರುತ್ತವೆ. ಅಲಗು ಕಬ್ಬಿಣದ್ದೋ ತಾಮ್ರದ್ದೋ, ಹಿಡಿ ಮರದ್ದು, ಹಿಡಿಯ ತುದಿಗೆ ಗುಂಡನೆಯ ಬಿಲ್ಲೆ, ಕೆಲವಕ್ಕೆ ಅದರ ಮೇಲೆ ಹಿತ್ತಾಳೆ ತಂತಿಯ ಚಿತ್ತಾರ.

ಈಗ ನಿಮ್ಮ ತುಕ್ಕಿನ ಸಮಸ್ಯೆ. ಕಡುಕಂದು ಬಣ್ಣದ, ಗಟ್ಟಿಯಾಗಿ ಕೂತ ಪದರ ತುಕ್ಕಲ್ಲ ಅಂತಲೇ ತಿಳಿಯಿರಿ. ಅದೇ ಕಬ್ಬಿಣವನ್ನು ಕಾಯುತ್ತಿದೆ, ಅದೇ ಅದರ ವಯಸ್ಸು. ಮುಟ್ಟಿದರೆ ಬೆರಳಿಗೆ ಹತ್ತುವ ಕಿತ್ತಳೆ ಬಣ್ಣದ ಪುಡಿ ಮಾತ್ರ ಶತ್ರು. ಅದನ್ನು ಚೂಪು ಮಾಡಿದ ಬಿದಿರ ಕಡ್ಡಿಯಿಂದ ಮೆಲ್ಲಗೆ ಕೆರೆದು, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಮೊಂಡು ಹಿಡಿದರೆ ಒಂದೆರಡು ಹನಿ ಹೊಲಿಗೆ ಮಿಷನ್ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು ಮತ್ತೆ ಒರೆಸಿ. ಆಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ. 'ರೆನೆಸಾನ್ಸ್ ವ್ಯಾಕ್ಸ್' ಅಂತ ಆನ್‌ಲೈನ್‌ನಲ್ಲಿ ಸಿಗುತ್ತದೆ, ಸಣ್ಣ ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಉಪ್ಪುಕಾಗದ, ತಂತಿ ಬ್ರಷ್, ಹುಣಸೆಹಣ್ಣು, ವಿನೆಗರ್ ಹತ್ತಿರವೂ ತರಬೇಡಿ. ಕೊಬ್ಬರಿ ಎಣ್ಣೆಯೂ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ನಾರಿನ ಹಿಡಿಗೆ ಎಣ್ಣೆ, ಮೇಣ ಏನೂ ಹಚ್ಚಬೇಡಿ.

ಹಬ್ಬಕ್ಕೆ ಖಂಡಿತ ಇಡಿ. ಆದರೆ ಗಂಧದ ಹಸಿಯನ್ನು ಅಲಗಿನ ಮೇಲೆ ಒಣಗಲು ಬಿಡಬೇಡಿ, ಪೂಜೆ ಮುಗಿದ ದಿನವೇ ಒರೆಸಿ. ತೋಕ್ ಪೂವನ್ನು (ಹಬ್ಬದ ಕೋವಿ ಹೂವನ್ನು) ಪಕ್ಕದಲ್ಲಿಟ್ಟರೂ ನಡೆಯುತ್ತದೆ. ನಿಂಬೆಹಣ್ಣು ಇಡುವ ರೂಢಿಯಿದ್ದರೆ ಅದನ್ನಂತೂ ದೂರ ಇಡಿ, ರಸ ತಾಗಿದಲ್ಲಿ ಕಬ್ಬಿಣದ ಮೇಲೆ ಹೋಗದ ಕಲೆ ಉಳಿಯುತ್ತದೆ. ಕೊಡಗಿನ ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ನೇತುಹಾಕುವುದು ಸರಿಯಲ್ಲ, ಗೋಡೆಯೇ ಬೆವರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಹಿಡಿಯಿಂದ ಸಣ್ಣ ಪುಡಿ ಉದುರುತ್ತಿದ್ದರೆ ಹುಳ ಬಿದ್ದಿದೆ ಅಂತ ಅರ್ಥ. ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿಡಿ. ಹೊರಗೆ ತೆಗೆದ ಮೇಲೆ ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ಕಬ್ಬಿಣದ ಮೇಲೆ ನೀರು ಕೂರುತ್ತದೆ. ಮುಂದೆ ಚರ್ಮದ ಒರೆಯಿರುವ ಕತ್ತಿ ಕೊಂಡರೆ ಒರೆ ಬೇರೆ, ಕತ್ತಿ ಬೇರೆ ಇಡಿ. ಚರ್ಮ ಹದ ಮಾಡಿದ ರಾಸಾಯನಿಕ ಲೋಹವನ್ನು ತಿನ್ನುತ್ತದೆ.

ಕೊಳ್ಳುವ ಮುಂಚೆ ಕಾನೂನು ತಿಳಿದಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಕತ್ತಿ, ಕಠಾರಿ, ಭರ್ಜಿಗಳೆಲ್ಲ ಆಯುಧದ ಪಟ್ಟಿಯಲ್ಲಿವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಉಪಕರಣಕ್ಕೆ ಮಾತ್ರ ವಿನಾಯಿತಿ. ಹೊರದೇಶದಿಂದ ಆಯುಧ ತರಿಸಲು ಲೈಸೆನ್ಸ್ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಜಮೀನುದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು, ಆಮದಿಗೆ ಅದು ನಡೆಯುವುದಿಲ್ಲ. ಹರಾಜು ಮನೆಯಲ್ಲಿ ಗೆದ್ದು, ದುಡ್ಡು ಕಟ್ಟಿ, ಕಸ್ಟಮ್ಸ್‌ನಲ್ಲಿ ಮಾಲು ಕಳೆದುಕೊಂಡವರು ಬೇಕಾದಷ್ಟಿದ್ದಾರೆ. ಮೊದಲೇ ಕಸ್ಟಮ್ಸ್ ಬ್ರೋಕರ್ ಹತ್ತಿರ ಕೇಳಿ. ದಂತದ ಹಿಡಿಯದ್ದಂತೂ ಎಷ್ಟೇ ಚೆನ್ನಾಗಿದ್ದರೂ ಬೇಡ. ಉವೆಲೆಯ ಮಂಗ್‌ಬೆಟು ಜನರ ಕುಡುಗೋಲಿನಂಥ ಟ್ರುಂಬಾಷ್‌ಗೆ ಎಷ್ಟೋ ಸಲ ಆನೆದಂತದ ಹಿಡಿಯಿರುತ್ತದೆ, ಆದರೆ ಆಫ್ರಿಕಾದ ದಂತದ ವ್ಯಾಪಾರವನ್ನೂ ನಮ್ಮಲ್ಲಿ 1991ರ ತಿದ್ದುಪಡಿಯಿಂದ ನಿಷೇಧಿಸಲಾಗಿದೆ. ಮರದ ಹಿಡಿಯದ್ದೂ ಸಿಗುತ್ತದೆ, ಅದೇ ಸಾಕು.

ನಾಲ್ಕಾರು ಒಟ್ಟಿಗೆ ಕೊಳ್ಳಬೇಡಿ. ಬ್ರಿಟಿಷ್ ಮ್ಯೂಸಿಯಂ, ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್, ಪ್ಯಾರಿಸ್ಸಿನ ಕೇ ಬ್ರಾನ್ಲಿ, ಇವುಗಳ ಸಂಗ್ರಹ ಇಂಟರ್ನೆಟ್‌ನಲ್ಲಿ ಸುಮ್ನೆ ನೋಡಲು ಸಿಗುತ್ತದೆ. ಒಂದು ಮಳೆಗಾಲ ಅದರಲ್ಲೇ ಕಳೆಯಿರಿ. ಒಂದೇ ಸೀಮೆ ಆರಿಸಿಕೊಳ್ಳಿ. ಕೈಯಲ್ಲಿ ಈಗಾಗಲೇ ಉವೆಲೆಯದ್ದು ಇರುವುದರಿಂದ ಅದೇ ಒಳ್ಳೆಯದು. ಚಾಡ್‌ನದ್ದೊಂದು, ಗಬಾನಿನದ್ದೊಂದು ಅಂತ ಗುಡ್ಡೆ ಹಾಕಿದರೆ ಗೋಡೆ ತುಂಬುತ್ತದೆ, ಕಣ್ಣು ಪಳಗುವುದಿಲ್ಲ. ಬಾಣಗಳ ತಂಟೆಗೆ ಹೋಗಬೇಡಿ, ಹಳೆಯ ಬಾಣದ ಮೊನೆಗೆ ಹಚ್ಚಿದ ವಿಷ ಇನ್ನೂ ಇರಬಹುದು. ಯುರೋಪಿನ ಹಳೆ ಸಂಗ್ರಹದಿಂದ ಬಂದ ತುಂಡುಗಳಿಗೆ ಹುಳ ಹಿಡಿಯದಿರಲಿ ಅಂತ ಆರ್ಸೆನಿಕ್ ಹಚ್ಚಿದ್ದೂ ಇದೆ, ಕೈಗವಸು ಹಾಕಿ ಮುಟ್ಟಿ.

ಯಾವುದಾದರೂ ಇಷ್ಟವಾದರೆ ಮಾರುವವರ ಹತ್ತಿರ ಮೂರು ಕೇಳಿ: ಅಂಚಿನ ಕಡೆಯಿಂದ ತೆಗೆದ ಫೋಟೊ, ಅಲಗು ಕವಲೊಡೆಯುವ ಜಾಗದ ಹತ್ತಿರದ ಫೋಟೊ, ಮತ್ತು ತೂಕ. ಈ ಅಳತೆಯ ಎಸೆಯುವ ಕತ್ತಿ ಅರ್ಧ ಕಿಲೋ ಆಸುಪಾಸು ಇರಬೇಕು. ಒಂದು ಕಿಲೋ ದಾಟಿದರೆ ಅದು ದಪ್ಪ ತಗಡಿನಿಂದ ಕತ್ತರಿಸಿದ್ದಿರಬಹುದು. ಮುಂದಿನಿಂದ ತೆಗೆದ ಚಂದದ ಫೋಟೊವನ್ನೇ ಮತ್ತೆ ಮತ್ತೆ ಕಳಿಸಿದರೆ, ನಮಸ್ಕಾರ ಹೇಳಿ ಬಿಟ್ಟುಬಿಡಿ.